ತೊಟ್ಟು ಮುಂದಾದ ಎಲೆ

ತೀರ್ಪಿನ ದಿನ ಬೆಳಿಗ್ಗೆ ಕೊಯಮತ್ತೂರಿನ ಕೋರ್ಟಿನ ಹೊರಗೆ ಬೇವಿನ ಮರದಡಿ ಕೂತಿದ್ದ ಮಾರಪ್ಪನ್ ಗೌಡರ ಬಾಯಿ ಬೆಳ್ಳಗಿತ್ತು. ಅವರನ್ನು ಬಲ್ಲವರಿಗೆ ಇದಕ್ಕಿಂತ ಸೋಜಿಗ ಬೇರೆ ಬೇಕಿಲ್ಲ. ಅನ್ನೂರಿನಾಚೆ, ತಲೆಮಾರುಗಳಿಂದ ಮನೆಮಾತು ಕನ್ನಡವೇ ಆಗಿರುವ ಕುಲದ ಹಳ್ಳಿಯೊಂದಕ್ಕೆ ಅವರು ಊರಗೌಡರು. ಹೆಣ್ಣು ಕೇಳುವುದಿರಲಿ, ಬೇಲಿ ಜಗಳವಿರಲಿ, ಅವರ ಬಾಯಲ್ಲಿ ಎಲೆ ಅಡಿಕೆ ಕೆಂಪಾದ ಮೇಲೇ ಮಾತು ಶುರುವಾಗುತ್ತಿತ್ತು. ಈ ಕೇಸು ಬಂದಾಗಿನಿಂದ ಅವರು ಎಲೆ ಮುಟ್ಟಿರಲಿಲ್ಲ. ಹೆಂಡತಿ ವಳ್ಳಿಯಮ್ಮ ಕೇಳಿದ್ದಕ್ಕೆ ಹಲ್ಲುನೋವು ಎಂದಿದ್ದರು. ಆಕೆ ಲವಂಗದೆಣ್ಣೆ ತಂದುಕೊಟ್ಟಳು, ಆದರೆ ನಂಬಲಿಲ್ಲ.

ಕಟಕಟೆ ಹತ್ತಬೇಕಾಗಿದ್ದವರು ಮೂವರು, ಮೂವರೂ ಅವರ ಊರಿನವರು. ಗಂಡ ಸತ್ತ ಮೇಲೆ ಎರಡು ಹಸು ಕಟ್ಟಿಕೊಂಡು ಮಗಳನ್ನು ಸಾಕಿದ ಅಂಗಮ್ಮ, ಹತ್ತಿ ಬೆಳೆಯುವ ಲಿಂಗಸಾಮಿ, ಅವನ ಪಕ್ಕದ ಹೊಲದ ಕಾಳಿಯಪ್ಪನ್. ತಮ್ಮ ಬ್ಯಾಂಕ್ ಖಾತೆಗಳನ್ನು ಯಾರಿಗೋ ಎರವಲು ಕೊಟ್ಟು, ಕಳ್ಳ ಹಣ ಒಳಗೆ ಬಂದು ಹೊರಗೆ ಹೋಗಲು ಬಿಟ್ಟರು ಎಂಬುದು ಅವರ ಮೇಲಿನ ಆರೋಪ. ಆ ‘ಯಾರಿಗೋ’ ಅಂದರೆ ಯಾರಿಗೆ ಎಂದು ಪೊಲೀಸರು ಕೇಳಿದ್ದರು, ತೆರಿಗೆಯವರು ಕೇಳಿದ್ದರು, ವಕೀಲರೂ ಕೇಳಿದ್ದರು. ಮೂವರೂ ಬಾಯಿ ಬಿಟ್ಟಿರಲಿಲ್ಲ.

ಕೆಲಸ ಬಿಟ್ಟು ಗೌಡರು ಬಂದು ಕೂತದ್ದನ್ನು ನೋಡಿ, ಎಂಥ ದೊಡ್ಡ ಮನಸ್ಸು ಎಂದು ಊರಿನವರು ಕೈಮುಗಿದರು. ಪಾಪ, ಅವರಿಗೇನು ಗೊತ್ತು. ಗೌಡರು ಬಂದದ್ದು ಆ ಮೂರು ಬಾಯಿಗಳನ್ನು ಕಾಯುವುದಕ್ಕೆ. ಒಂದು ಬಾಯಿ ಬಿಟ್ಟರೂ ಮೊದಲು ಹೊರಗೆ ಬೀಳುವ ಹೆಸರು ಮಾರಪ್ಪನ್ ಗೌಡ ಎಂಬುದು.

ಎರಡು ವರ್ಷದ ಹಿಂದೆ, ಹತ್ತಿ ಬಿಡಿಸುವ ಕಾಲದಲ್ಲಿ, ತಿರುಪ್ಪೂರಿನಿಂದ ಬೀಗರು ತಿರುಮಲೈಸಾಮಿ ಅಂಬಾಸಿಡರ್ ಕಾರಿನಲ್ಲಿ ಬಂದಿದ್ದರು. ಅವರದು ಬನಿಯನ್ ಕಂಪನಿ. ಮಾಲು ಹಡಗು ಹತ್ತಿ ಹೋಗುತ್ತಿತ್ತು, ದುಡ್ಡು ಮನೆ ತುಂಬ ಹರಿಯುತ್ತಿತ್ತು. ಗೌಡರ ಒಬ್ಬಳೇ ಮಗಳು ಜಾನಮ್ಮ ಆ ಮನೆಯ ಸೊಸೆ. ಮದುವೆಯಾಗಿ ವರ್ಷಗಳಾದರೂ ಆಕೆಯ ಮಡಿಲು ತುಂಬಿರಲಿಲ್ಲ. ಆ ಮನೆಯಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಮೆಲ್ಲಗೆ ಎದ್ದಿತ್ತು. ಆ ದಿನ ಬೀಗರು ಆ ಮಾತನ್ನು ಎತ್ತಲೇ ಇಲ್ಲ. ಎತ್ತದೇ ಇದ್ದದ್ದೇ ಗೌಡರನ್ನು ಹೆಚ್ಚು ಹೆದರಿಸಿತು.

“ಸಮ್ಮಂದಿ, ನಿಮ್ಮೂರಲ್ಲಿ ಬ್ಯಾಂಕಲ್ಲಿ ಕಣಕ್ಕು ಇರೋರು ಮೂರ್ನಾಕು ಜನ ಬೇಕು,” ಎಂದರು ತಿರುಮಲೈಸಾಮಿ. ತಿರುಪ್ಪೂರಿನ ಸಹವಾಸದಲ್ಲಿ ಅವರ ಬಾಯಲ್ಲಿ ಖಾತೆ ಕಣಕ್ಕಾಗಿತ್ತು, ರುಜು ಕೈಯೆಳುತ್ತು, ಹೆಸರು ಪೇರು. “ಅವ್ರ ಕಣಕ್ಕಿಗೆ ದುಡ್ಡು ಬತ್ತದೆ, ಓಗ್ತದೆ. ಚೆಕ್ಕಲ್ಲಿ ಕೈಯೆಳುತ್ತು ಹಾಕಿ ಕೊಟ್ಬುಟ್ರೆ ಸಾಕು. ಸುಮ್ಕೆ ಬ್ಯಾಡ, ಏನಾರ ಕೊಡಾನ.”

“ಯಾತರ ದುಡ್ಡು?”

“ನೂಲು ವ್ಯಾಪಾರದ್ದು ಅನ್ಕಳಿ. ಎಲ್ಲಾ ನನ್ನ ಪೇರಲ್ಲೇ ಬಂದ್ರೆ ಟ್ಯಾಕ್ಸೋರು ಬುಡ್ತಾರಾ?” ಎಂದು ನಕ್ಕು, ಏಳುವ ಮುಂಚೆ ಒಂದು ಮಾತು ಸೇರಿಸಿದರು. “ಜಾನಮ್ಮ ಚೆನ್ನಾಗವ್ಳೆ. ನಮ್ಮನೇಲೇ ಇರ್ಲಿ ಅಂತ ನನ್ನಾಸೆ.”

ಗೌಡರು ದಡ್ಡರಲ್ಲ. ನೂಲಿನ ಒಂದು ಎಳೆಯೂ ಇಲ್ಲದ ನೂಲು ವ್ಯಾಪಾರ ಅದೆಂದು ಅವರಿಗೆ ಅಂದೇ ತಿಳಿಯಿತು. ಆದರೆ ಕಾರು ಹೋದ ಧೂಳು ಕೂರುವ ಮೊದಲೇ ಅವರು ಎಲೆಯ ತಟ್ಟೆ ತರಿಸಿದ್ದರು.

ಆ ಕುಲದ ಪದ್ಧತಿ ಹೀಗೆ: ಊರಗೌಡ ಎಲೆ ಕೊಟ್ಟು ಕೇಳಿದರೆ ಇಲ್ಲ ಅನ್ನುವುದಿಲ್ಲ. ಎಲೆಯ ತುದಿ ಪಡೆಯುವವರ ಕಡೆಗಿರಬೇಕು. ತೆಗೆದುಕೊಂಡು ಅಗಿದರೆ ಮಾತು ಹೊಟ್ಟೆಗೆ ಹೋದ ಹಾಗೆ. ಯಾರು ಕೇಳಿದರು, ಯಾಕೆ ಕೇಳಿದರು ಎಂಬುದು ಮತ್ತೆ ಬಾಯಿಗೆ ಬರಕೂಡದು. ಎಲೆಯನ್ನು ಹಿಂದಿರುಗಿಸುವುದೂ ಉಂಟು, ಆದರೆ ಕೊಟ್ಟ ಮಾತನ್ನು ಕೊನೆಯವರೆಗೆ ನಡೆಸಿ ಅದರ ಕಷ್ಟವನ್ನು ಪೂರ್ತಿ ಹೊತ್ತವರಿಗೆ ಮಾತ್ರ ಆ ಹಕ್ಕು. ಆಗ ಜನರೆದುರು, ಹೊಸ ಎಲೆಯನ್ನು ತೊಟ್ಟು ಮುಂದೆ ಮಾಡಿ ಕೊಡಬೇಕು. ಊರಗೌಡ ಬೇಡ ಅನ್ನುವಂತಿಲ್ಲ. ಅಲ್ಲಿಗೆ ಮಾತಿನ ಕಟ್ಟು ಬಿಚ್ಚಿತು, ಏನು ಬೇಕಾದರೂ ಹೇಳಬಹುದು. ಹಿಂದೊಮ್ಮೆ ಅಣ್ಣತಮ್ಮಂದಿರ ಬಾವಿ ಜಗಳದಲ್ಲಿ, ಊರ ಕಟ್ಟೆಯ ಮೇಲೆ ಇದನ್ನು ಎತ್ತಿ ಆಡಿ ತೀರ್ಮಾನ ಹೇಳಿದವರು ಮಾರಪ್ಪನ್ ಗೌಡರೇ. ಆದರೆ ಹಾಗೆ ಹಿಂದಿರುಗಿಸುವಷ್ಟು ಕಷ್ಟ ಯಾರಿಗೂ ಬರುವುದಿಲ್ಲವಲ್ಲ, ಹೇಳಿದವರೇ ಅದನ್ನು ಮರೆತಿದ್ದರು.

ಲಿಂಗಸಾಮಿ, ಕಾಳಿಯಪ್ಪನ್ ಇಬ್ಬರೂ ಕೇಳಿದ್ದೇ ತಡ ಎಲೆ ತೆಗೆದುಕೊಂಡರು. ಅಂಗಮ್ಮನ ಕೈ ಮಾತ್ರ ಸೆರಗಿನಲ್ಲೇ ಇತ್ತು. ಹಸುವಿನ ಸಾಲಕ್ಕೆಂದು ಬ್ಯಾಂಕಿನವರೇ ಮಾಡಿಕೊಟ್ಟಿದ್ದ ಖಾತೆ ಅವಳದು, ಅದರ ಮೇಲೆ ಅವಳಿಗೆ ಮಗಳ ಮೇಲಿದ್ದಷ್ಟೇ ಜೋಪಾನ.

“ಅಣ್ಣ, ಇದ್ರಲ್ಲಿ ತೊಂದ್ರೆ ಗಿಂದ್ರೆ ಇಲ್ಲಾ ತಾನೆ? ಎಣ್ಣುಮಗ ಅವ್ಳೆ ಮನೇಲಿ,” ಎಂದಳು. ಬಾಗಿಲ ಹೊರಗೆ ಮಗಳು ಮಲ್ಲಿಗಾ ನಿಂತಿದ್ದಳು.

“ನಾನಿಲ್ವಾ?” ಎಂದರು ಗೌಡರು.

ಅಷ್ಟು ಸಾಕಾಯಿತು. ಅಂಗಮ್ಮ ಎಲೆ ತೆಗೆದುಕೊಂಡು, ಅಲ್ಲೇ ನಿಂತು, ಅಗಿದು ನುಂಗಿದಳು.

ಮುಂದಿನದು ಎಲ್ಲ ಕಡೆ ನಡೆಯುವಂಥದ್ದೇ. ತಿರುಪ್ಪೂರಿನಲ್ಲಿ ಯಾವುದೋ ಸುಳ್ಳು ಬಿಲ್ಲಿನ ಬಾಲ ಹಿಡಿದ ಅಧಿಕಾರಿಗಳು ಅನ್ನೂರಿನ ಕಡೆಗೆ ಬಂದರು. ಹೆಸರಿಗೆ ಮಾತ್ರ ಇದ್ದ ನೂಲಿನ ಅಂಗಡಿಗಳ ಹಣವೆಲ್ಲ ಹಾಲು ಮಾರುವ ವಿಧವೆಯ ಖಾತೆಯಲ್ಲಿ ಹೇಗೆ ಹರಿಯಿತು ಎಂದು ಕೇಳಿದರು. ಚೆಕ್ಕುಗಳ ಮೇಲೆಲ್ಲ ಅವಳ ರುಜು. ಅಂಗಡಿಗಳ ಕಾಗದಗಳಲ್ಲಿ ಎಲ್ಲೂ ತಿರುಮಲೈಸಾಮಿಯ ನೆರಳೂ ಇರಲಿಲ್ಲ. ಗೌಡರು ಎದ್ದು ಬಿದ್ದು ತಿರುಪ್ಪೂರಿಗೆ ಓಡಿದಾಗ ಬೀಗರು ಕಾಫಿ ತರಿಸಿ ಹೇಳಿದರು:

“ನಿಮ್ಮ ಎಲೆ ತಿಂದವ್ರೆ ತಾನೆ? ಆಮೇಲೇನು ಭಯ? ನನ್ನ ಪೇರು ಬಂತು ಅಂದ್ರೆ ನಿಮ್ಮದು ಮುಂಚೆ ಬತ್ತದೆ, ಗ್ಯಾಪಕ ಇರ್ಲಿ. ಜಾನಮ್ಮನ್ನ ನೋಡ್ಕಂಡು ಓಗಿ.”

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿ ನಕ್ಕಳು. ಆ ನಗುವನ್ನು ಹೊತ್ತುಕೊಂಡು ಗೌಡರು ಊರಿಗೆ ಮರಳಿದರು. ಅಂದಿನಿಂದ ಎಲೆ ಸೇರುವುದು ನಿಂತಿತು.

ಮೂವರಿಗೂ ವಕೀಲರು ಒಬ್ಬರೇ, ಕೊಯಮತ್ತೂರಿನ ಅನಂತಪದ್ಮನಾಭ. ಮನೆಯಲ್ಲಿ ಅವರದೂ ಕನ್ನಡವೇ, ಆದರೆ ಇಸ್ತ್ರಿ ಮಾಡಿದ ಕನ್ನಡ. ತೀರ್ಪಿನ ಹಿಂದಿನ ವಾರ ಅವರು ಗೌಡರನ್ನು ಆಫೀಸಿಗೆ ಕರೆಸಿ ಬಾಗಿಲು ಮುಚ್ಚಿದ್ದರು.

“ನೋಡಿ ಗೌಡರೇ, ಇವರ ಹಿಂದೆ ಯಾರೋ ದೊಡ್ಡವರಿದ್ದಾರೆ. ಅವರ ಹೆಸರು ಹೇಳಿದರೆ ಶಿಕ್ಷೆ ತುಂಬಾ ಕಡಿಮೆಯಾಗುತ್ತೆ, ಜಡ್ಜ್ ಅದನ್ನೇ ಕಾಯ್ತಿದ್ದಾರೆ. ಆ ಹೆಂಗಸಂತೂ ತುಟಿ ಬಿಚ್ಚೋದಿಲ್ಲ. ನೀವು ಊರಿಗೆ ಹಿರಿಯರು, ನಿಮ್ಮ ಮಾತು ಅಂದರೆ ಅವರಿಗೆ ವೇದ. ನೀವೇ ಒಂದು ಸಲ ಹೇಳಿ ನೋಡಿ.”

“ಏಳ್ತೀನಿ ಸಾಮಿ,” ಎಂದರು ಗೌಡರು. ಹೇಳುವುದಾದರೆ ಒಂದೇ ಮಾತು ಸಾಕಾಗಿತ್ತು, ‘ಏಳ್ಬುಡಿ’ ಎಂದು. ವಾರವಿಡೀ ಅವರು ಅಂಗಮ್ಮನ ಬೀದಿಗೆ ಕಾಲಿಡದೆ, ಹೊಲಕ್ಕೆ ಸುತ್ತುಹಾದಿ ಹಿಡಿದು ಹೋದರು.

ತೀರ್ಪಿನ ದಿನ ಮಧ್ಯಾಹ್ನಕ್ಕೆ ಮುಂಚೆ ಅವರ ಕೇಸು ಕೂಗಿದರು. ಕೋರ್ಟಿನೊಳಗೆ ಫ್ಯಾನು ತಿರುಗುತ್ತಿದ್ದರೂ ಗಾಳಿ ಇರಲಿಲ್ಲ. ಗೌಡರು ಹಿಂದಿನ ಬೆಂಚಿನ ತುದಿಗೆ ಕೂತರು. ಮೂವರೂ ತಪ್ಪಿತಸ್ಥರೆಂದು ಮೊದಲೇ ಆಗಿತ್ತು, ಇನ್ನು ಎಷ್ಟು ಶಿಕ್ಷೆ ಎಂಬುದು ಉಳಿದಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ತಮಿಳಿನಲ್ಲಿ, ಮನೆಯ ಹಿರಿಯರು ಕೇಳುವಷ್ಟೇ ಮೆತ್ತಗೆ ಕೇಳಿದರು:

“ಅಮ್ಮಾ, ಕೊನೆಯ ಸಲ ಕೇಳ್ತೇನೆ. ನಿನ್ನ ಖಾತೆ ಕೇಳಿದವರು ಯಾರು?”

ಲಿಂಗಸಾಮಿ ಅಂಗಮ್ಮನ ಕಡೆ ನೋಡಿದ. ಕಾಳಿಯಪ್ಪನ್ ಕೂಡ ಅವಳ ಕಡೆಗೇ ನೋಡಿದ. ಅವಳು ಹೇಳಿದರೆ ತಾವೂ ಹೇಳಲು ಇಬ್ಬರೂ ಸಿದ್ಧರಿದ್ದಂತೆ ಗೌಡರಿಗೆ ಕಂಡಿತು. ಕೂತಲ್ಲಿಂದಲೇ ಅವರು ಮನೆದೇವರಿಗೆ ಹರಕೆ ಹೊತ್ತರು. ಆ ಹೆಂಗಸಿಗೆ ಒಳ್ಳೆಯದಾಗಲಿ ಎಂದಲ್ಲ, ಆಕೆ ಮಾತಾಡದಿರಲಿ ಎಂದು.

ಅಂಗಮ್ಮ ಹಿಂದಿರುಗಿ ನೋಡಲಿಲ್ಲ. “ನಾನೇ ಕೊಟ್ಟೆ ಸಾಮಿ,” ಎಂದಳು, ಅದನ್ನೇ ಮತ್ತೆ ತಮಿಳಿನಲ್ಲಿ ಹೇಳಿದಳು.

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡರು. ಕಳ್ಳನಿಗೆ ಮನೆಯ ಹಿತ್ತಿಲ ಬಾಗಿಲು ತೆರೆದಿಟ್ಟವರು ತಾವೇನೂ ಕದಿಯಲಿಲ್ಲ ಎಂದು ಹೇಳುವಂತಿಲ್ಲ ಎಂದರು. ಇಂಥವರನ್ನು ಬಡವರೆಂದು ಬಿಟ್ಟುಬಿಟ್ಟರೆ ನಾಳೆ ಊರೂರಿನ ಬಡವರ ಖಾತೆಗಳೂ ಹೀಗೇ ಬಾಡಿಗೆಗೆ ಹೋಗುತ್ತವೆ ಎಂದರು. ತಲಾ ನಾಲ್ಕು ವರ್ಷ ಕಠಿಣ ಸಜೆ. ಗಂಡಸರು ಕೊಯಮತ್ತೂರಿನ ಜೈಲಿಗೆ, ಹೆಂಗಸು ವೆಲ್ಲೂರಿನ ಹೆಂಗಸರ ಜೈಲಿಗೆ.

ಕಾಳಿಯಪ್ಪನ್ ಕಟಕಟೆಯಲ್ಲೇ ಕುಸಿದು ಕೂತ. ಲಿಂಗಸಾಮಿಯ ತಾಯಿ ಬಾಯಿ ಬಡಿದುಕೊಂಡು ಅತ್ತಳು. ಮೇಲ್ಮನವಿ ಇದೆ, ನಾಳೆಯೇ ಜೈಲಿಗೆ ಬರುತ್ತೇನೆ, ಇನ್ನಾದರೂ ನಿಜ ಹೇಳಿ ಎಂದು ವಕೀಲರು ಮೂವರಿಗೂ ಹೇಳುತ್ತಿದ್ದರು. ನಾಳೆಯವರೆಗೆ ಅಂಗಮ್ಮನನ್ನೂ ಕೊಯಮತ್ತೂರಿನಲ್ಲೇ ಇಡುತ್ತಾರಂತೆ. ಗೌಡರ ಮೈ ಒಮ್ಮೆಲೇ ಹಗುರಾಯಿತು. ನಾಚಿಕೆ ಆಯಿತೇ ಎಂದರೆ, ಆಯಿತು. ಆದರೆ ಮೊದಲು ಆದದ್ದು ನಿರಾಳ. ಮಗಳ ಮನೆ ಉಳಿಯಿತು, ಮಾನ ಉಳಿಯಿತು. ಎಷ್ಟೋ ತಿಂಗಳ ಮೇಲೆ ಅವರ ನಾಲಿಗೆಗೆ ಎಲೆಯ ನೆನಪಾಗಿ ನೀರೂರಿತು.

ವರಾಂಡದಲ್ಲಿ ಪೊಲೀಸ್ ಹೆಂಗಸು ಅಂಗಮ್ಮನಿಗೆ ಮಗಳೊಂದಿಗೆ ಮಾತಾಡಲು ಬಿಟ್ಟಿದ್ದಳು. ತಾಯಿ ಅಳುತ್ತಿರಲಿಲ್ಲ. ಮಗಳ ಕಿವಿಯ ಹತ್ತಿರ ಬಾಯಿಟ್ಟು, ಬೆರಳಿನಿಂದ ಏನನ್ನೋ ತಿರುಗಿಸಿ ತೋರಿಸಿ ಹೇಳಿಕೊಡುತ್ತಿದ್ದಳು. ಮನೆಯ ಬೀಗದ ವಿಷಯವೋ ಹಸುವಿನ ವಿಷಯವೋ ಇರಬೇಕೆಂದುಕೊಂಡು ಗೌಡರು ತಲೆ ತಗ್ಗಿಸಿ ದಾಟಿಹೋದರು.

ಅನ್ನೂರಿಗೆ ಹೋಗುವ ಬಸ್ಸು ಬಸ್ ಸ್ಟ್ಯಾಂಡಿನಲ್ಲೇ ತುಂಬಿಹೋಗಿತ್ತು. ಊರಿನವರೆಲ್ಲ ಅದರಲ್ಲೇ ಇದ್ದರು. ಗೌಡರನ್ನು ಕಂಡು ಯಾರೋ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಪಕ್ಕದಲ್ಲಿ ಕಾಳಿಯಪ್ಪನ ಅಣ್ಣ ಮುತ್ತುಸಾಮಿ ಕೂತ.

“ನೀವೊಬ್ರು ಬಂದ್ರಿ ಮಾಮ, ಅದೇ ನಮ್ಗೆ ಧೈರ್ಯ,” ಎಂದ ಅವನು. ಅತ್ತು ಕಣ್ಣು ಊದಿದ್ದವು. ಗೌಡರು ಅವನ ತೊಡೆ ತಟ್ಟಿದರು. ಹಾಗೆ ತಟ್ಟುವ ಕೈ ಹೇಗೆ ಬಂತೋ ಆ ದೇವರಿಗೇ ಗೊತ್ತು.

ಬಸ್ಸು ಹೊರಡುವ ಹೊತ್ತಿಗೆ ಮಲ್ಲಿಗಾ ಹತ್ತಿದಳು. ಜನರ ನಡುವೆ ನುಗ್ಗಿಕೊಂಡು ನೆಟ್ಟಗೆ ಗೌಡರ ಸೀಟಿನ ಬಳಿಗೆ ಬಂದು ನಿಂತಳು. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಅವಳ ಮದುವೆ ಎಂದು ಮಾತಾಗಿತ್ತು. ಇನ್ನು ಅದು ಆದ ಹಾಗೇ. ಏನಾದರೂ ಸಹಾಯ ಕೇಳಲು ಬಂದಳೆಂದು ಗೌಡರು ಜೇಬಿಗೆ ಕೈ ಹಾಕಿದರು.

“ಬ್ಯಾಡ ದೊಡ್ಡಪ್ಪಾ,” ಎಂದಳು ಹುಡುಗಿ. ಸೆರಗಿನ ಗಂಟು ಬಿಚ್ಚಿದಳು. ಕೋರ್ಟಿನ ಗೇಟಿನ ಅಂಗಡಿಯಲ್ಲಿ ಆಗತಾನೆ ಕೊಂಡ ಎಲೆ, ಇನ್ನೂ ನೀರು ಸೋರುತ್ತಿತ್ತು. ಮೇಲೊಂದು ಅಡಿಕೆ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಎಲೆಯ ತೊಟ್ಟು ನೆಟ್ಟಗೆ ಗೌಡರ ಎದೆಯ ಕಡೆಗಿತ್ತು.

“ಅವ್ವ ಕೊಡಾಕೆ ಏಳುದ್ಲು. ಮಾತು ಪೂರ್ತಿ ನಡಸಿದ್ದಾಯ್ತಂತೆ. ನಾಳೆ ವಕೀಲ್ರು ಬಂದಾಗ ಅವ್ಳು ಮಾತಾಡಬೇಕಂತೆ.”

ಬಸ್ಸಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಲ್ಲಿ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲೆ ಯಾರಿಗೆ ಹಿಂದಿರುಗುತ್ತದೋ ಕೊಟ್ಟವರೂ ಅವರೇ. ಹಿಂದಿನ ಸೀಟಿನಿಂದ ಲಿಂಗಸಾಮಿಯ ತಾಯಿ ಎದ್ದು ಬಂದಳು. ಹುಡುಗಿಯ ಕೈಯ ಕೆಳಗೆ ತನ್ನ ಕೈಯಿಟ್ಟು ಹಿಡಿದಳು.

“ನನ್ನ ಮಗನ್ದೂ ಸೇರ್ಸು ಕಂದಾ,” ಎಂದಳು.

ಕಟ್ಟೆಯ ಮೇಲೆ ತಾವೇ ಆಡಿದ್ದ ಮಾತು, ಅದೇ ದನಿಯಲ್ಲಿ, ಗೌಡರ ಕಿವಿಯಲ್ಲಿ ಮೊಳಗಿತು: ಊರಗೌಡ ಬೇಡ ಅನ್ನುವಂತಿಲ್ಲ. ಕಣ್ಣೆದುರು ಅಡುಗೆಮನೆಯ ಬಾಗಿಲಲ್ಲಿ ನಿಂತ ಜಾನಮ್ಮ ಕಂಡಳು. ತೆಗೆದುಕೊಳ್ಳದಿದ್ದರೆ? ಎಲೆ ಕೆಳಗೆ ಬಿದ್ದರೆ? ಸುತ್ತಲಿನ ಕಣ್ಣುಗಳನ್ನು ನೋಡಿದರು. ಆ ಪ್ರಶ್ನೆಗೂ ಇನ್ನು ಬೆಲೆಯಿಲ್ಲವೆಂದು ತಿಳಿಯಿತು. ಎರಡೂ ಕೈ ಚಾಚಿ ಎಲೆಯನ್ನು ತೆಗೆದುಕೊಂಡರು. ಅದು ಮಂಜಿನಷ್ಟು ತಣ್ಣಗಿತ್ತು.

ಕಂಡಕ್ಟರ್ ಸೀಟಿ ಊದಿದ. ಮುತ್ತುಸಾಮಿ ಎದ್ದು ಹೋಗಿ ಬಾಗಿಲ ಹತ್ತಿರ ನಿಂತ. ದಾರಿಯುದ್ದಕ್ಕೂ ಜನ ಹತ್ತುತ್ತಲೇ ಇದ್ದರು. ಹಸುಗೂಸು ಎತ್ತಿಕೊಂಡ ಹೆಂಗಸರೂ ಕಂಬಿ ಹಿಡಿದು ನೇತಾಡಿದರು. ಏನೂ ತಿಳಿಯದ ಹೊರಗಿನವನೊಬ್ಬ ಆ ಖಾಲಿ ಸೀಟಿನಲ್ಲಿ ಕೂರಲು ಬಂದಾಗ ಲಿಂಗಸಾಮಿಯ ತಾಯಿ ಅವನ ತೋಳು ಹಿಡಿದು ತಡೆದಳು. ಅನ್ನೂರು ಬರುವವರೆಗೂ ಮಾರಪ್ಪನ್ ಗೌಡರ ಪಕ್ಕ ಯಾರೂ ಕೂರಲಿಲ್ಲ.