ಗುಡಾಣದ ನೀರು

"ಸೂರು ಸೋರಿತು ಅಂತ ಇನ್ನೊಂದ್ಸಲ ಹೇಳ್ಬೇಡಮ್ಮ," ಅಂದಳು ಅನೈಲಿ. "ಸೂರು ಸೋರಿದ್ರೆ ಹಾಸಿಗೆ ನೆನೀಬೇಕಿತ್ತು. ಚೀಲ ನೆನೀಬೇಕಿತ್ತು. ಚೀಲದ ಒಳಗಿದ್ದ ಷೂ ಮಾತ್ರ ಹೆಂಗೆ ನೆನೀತು?"

"ದನಿ ಇಳ್ಸು. ಅಕ್ಕಪಕ್ಕದವರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ. ಗಣಿತದ ಮೇಷ್ಟ್ರಮ್ಮನ ಲೆಕ್ಕ ತಪ್ಪಿದ್ದು ಊರಿಗೆಲ್ಲ ಗೊತ್ತಾಗಲಿ."

ಮಿಗ್ದಾಲಿಯಾ ತಲೆ ಎತ್ತಲಿಲ್ಲ. ಕರಿ ಹುರುಳಿಯಲ್ಲಿ ಕಲ್ಲು ಆರಿಸುತ್ತಲೇ ಇದ್ದಳು. ಮೇಜಿನ ಮೇಲೆ ಮಗಳ ಬ್ಯಾಲೆ ಷೂ ಜೋಡಿ ಸತ್ತ ಇಲಿಗಳ ಹಾಗೆ ಬಿದ್ದಿತ್ತು.

ತುದಿಗಾಲಲ್ಲಿ ಕುಣಿಯುವವರ ಷೂ ಅಂದರೆ ಬಟ್ಟೆಗೆ ಪದರ ಪದರ ಅಂಟು ಹಚ್ಚಿ ಗಟ್ಟಿ ಮಾಡಿದ ಮೂತಿ, ಅಷ್ಟೇ. ಬೆವರಿಗೇ ಮೆತ್ತಗಾಗುತ್ತದೆ, ನೀರಿಗೆ ಬಿದ್ದರೆ ಮುಗಿಯಿತು. ಅವರ ಊರು ಕಾಮಗ್ವೇಯಲ್ಲಿ ಹೊಸ ಜೊತೆ ಸಿಗುವುದೇ ಅಪರೂಪ. ಹುಡುಗಿಯರು ಹಳೆಯದಕ್ಕೇ ವಾರ್ನಿಷ್ ಬಳಿದು, ತಗಡಿನ ಮಾಡಿನ ಮೇಲೆ ಒಣಗಿಸಿ, ಕೊನೆಯ ಉಸಿರಿನವರೆಗೂ ದುಡಿಸುತ್ತಾರೆ. ಅನೈಲಿಯದೂ ಅಂಥದೇ ಜೊತೆ. ಅವತ್ತು ಬೆಳಿಗ್ಗೆ ನೃತ್ಯಶಾಲೆಯ ಮೇಲಿನ ಹಂತಕ್ಕೆ ಪರೀಕ್ಷೆ. ಅದರಲ್ಲಿ ಪಾಸಾದವರು ಮುಂದೆ ನರ್ತಕಿಯರು, ಫೇಲಾದವರು ಮನೆಗೆ. ರಾಜಧಾನಿ ಹವಾನಾದಿಂದ ಬಂದ ಪರೀಕ್ಷಕರ ಮುಂದೆ ಅನೈಲಿ ಚೀಲ ಬಿಚ್ಚಿದರೆ ಒಳಗೆ ಎರಡು ಒದ್ದೆ ಚಿಂದಿ. ಛಲಕ್ಕೆ ಬಿದ್ದು ಅದನ್ನೇ ಕಟ್ಟಿಕೊಂಡು ಕುಣಿದಳು. ಸುತ್ತು ತಿರುಗುವಾಗ ಮೂತಿ ಮಡಚಿಕೊಂಡಿತು, ಎಲ್ಲರೆದುರು ನೆಲಕ್ಕೆ ಬಿದ್ದಳು. ಈಗ ಕಾಲಿನ ಹರಡು ಬದನೆಕಾಯಿಯ ಹಾಗೆ ಊದಿತ್ತು.

ಅವಳು ಒಂದು ಷೂ ಎತ್ತಿ ತಾಯಿಯ ಹುರುಳಿಯ ಮೇಲೇ ಕೊಡವಿದಳು. ಕೆಂಪು ಕೆಸರು ಉದುರಿತು.

"ಆಕಾಶದಿಂದ ಕೆಮ್ಮಣ್ಣು ಸುರೀತಾ? ಇದು ನಮ್ಮ ಗುಡಾಣದ ತಳದ ಕೆಸರು."

ಅಂಗಳದಲ್ಲಿ ಮಳೆನೀರು ಹಿಡಿಯುವ ಎದೆಮಟ್ಟದ ಮಣ್ಣಿನ ಗುಡಾಣ ಅಜ್ಜನ ಕಾಲದಿಂದ ನಿಂತಿತ್ತು. ಆ ಊರಿನ ಹಳೆಯ ಮನೆಗಳಲ್ಲೆಲ್ಲ ಅಂಥದೊಂದು ಇದೆ. ಅದರ ನೀರು ಕುಡಿದವರು ಊರು ಬಿಡುವುದಿಲ್ಲ, ಬಿಟ್ಟರೂ ತಿರುಗಿ ಬರುತ್ತಾರೆ ಎಂದು ಅಲ್ಲಿಯವರು ನಂಬುತ್ತಾರೆ.

ಮಿಗ್ದಾಲಿಯಾ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಹೌದು ಕಣೇ, ಅದ್ದಿದೆ. ಏನೀಗ? ನನ್ನಪ್ಪ ಸಾಯೋವರೆಗೂ ಕಬ್ಬು ಕಡಿದ. ನಾನು ಸೀಮೆಎಣ್ಣೆ ಬುಡ್ಡಿ ಮುಂದೆ ಓದಿದೆ. ನೀನು ಕಾಲೆತ್ತಿ ತೋರ್ಸೋಕೆ ಹೊರಟಿದೀಯ. ಮೂವತ್ತೈದಕ್ಕೆ ಮಂಡಿ ಸವೆದು ಮನೇಲಿ ಕೂತಾಗ ಯಾರು ಅನ್ನ ಹಾಕ್ತಾರೆ? ಚಪ್ಪಾಳೆ ತಟ್ಟಿದೋರಾ?"

"ಓದಿದ ಅಪ್ಪ ಡಾಕ್ಟರು. ಟೈರಿಗೆ ಗತಿಯಿಲ್ದೆ ಸೈಕಲ್ ಚಕ್ರಕ್ಕೆ ತೋಟದ ಪೈಪು ಸುತ್ಕೊಂಡು ಓಡಾಡ್ತಾನೆ. ಎದುರುಮನೆ ಪಿಜ್ಜಾ ಮಾರೋನು ಮೂರನೇ ಕ್ಲಾಸು. ಅವನ ಮನೇಲಿ ಎರಡು ಫ್ರಿಜ್ಜು."

ಬಾಗಿಲಲ್ಲಿ ನಿಂತಿದ್ದ ಅಪ್ಪ ಎವೆಲಿಯೋಗೆ ನಗು ಬಂತು. ಹೆಂಡತಿ ನೋಡಿದ ನೋಟಕ್ಕೆ ನುಂಗಿಕೊಂಡ. "ಮಗಳೇ, ಅಮ್ಮ ಮಾಡಿದ್ದು ನಿನ್ನ ಒಳ್ಳೇದಕ್ಕೇ..."

ಆಗ ಅನೈಲಿಗೆ ಮುಚ್ಚಳದ ನೆನಪಾಯಿತು. ಗುಡಾಣದ ಮುಚ್ಚಳ ದಪ್ಪ ದೇವದಾರು ಹಲಗೆ, ಎತ್ತಲು ಇಬ್ಬರು ಬೇಕು. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಬರೆದು ತಾಯಿಯ ಬಲಭುಜ ಹಿಡಿದುಕೊಂಡಿತ್ತು. ತನ್ನ ತಲೆ ಬಾಚಿಕೊಳ್ಳಲೂ ಅವಳ ಕೈ ಮೇಲೆ ಹೋಗುತ್ತಿರಲಿಲ್ಲ.

"ಇನ್ನೊಂದು ಕಡೆ ಹಿಡಿದಿದ್ದು ಯಾರು?"

ಅಪ್ಪ ಸೈಕಲ್ಲಿನ ಕಡೆ ನೋಡಿದ.

ದಿನಾ ಸಂಜೆ ನೃತ್ಯಶಾಲೆಯ ಎದುರು ಕಟ್ಟೆಯ ಮೇಲೆ ಕಾದು ಕೂತು, ಅವಳನ್ನು ಸೈಕಲ್ಲಿನ ಅಡ್ಡಪಟ್ಟಿಯ ಮೇಲೆ ಕೂರಿಸಿಕೊಂಡು ಬರುತ್ತಿದ್ದವನು. ಅದೇ ಷೂಗೆ ತನ್ನ ಕೈಯಾರೆ ವಾರ್ನಿಷ್ ಬಳಿದು ಕೊಟ್ಟವನು. ತಾಯಿಯಾದರೂ ಎದುರು ನಿಂತ ಶತ್ರು. ಇವನು ಬಗಲಲ್ಲೇ ಇದ್ದು ಮುಚ್ಚಳ ಎತ್ತಿದ್ದ. ಅನೈಲಿ ಕುಂಟುತ್ತ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ, "ತಪ್ಪಾಯ್ತು ಅಮ್ಮ. ನಿಮ್ಮಿಷ್ಟ. ನೀವು ಹೇಳ್ತಿದ್ದ ವಿಜ್ಞಾನದ ಶಾಲೆಗೇ ಸೇರ್ತೀನಿ," ಅಂದಳು. ಮಕ್ಕಳ ಲೆಕ್ಕವನ್ನು ಮತ್ತೆ ಮತ್ತೆ ತಾಳೆ ನೋಡುವ ಮಿಗ್ದಾಲಿಯಾ ಇದೊಂದನ್ನು ತಾಳೆ ನೋಡಲಿಲ್ಲ. ಕಣ್ಣು ಒರೆಸಿಕೊಂಡು ಮಗಳ ಹಣೆಗೆ ಮುತ್ತಿಟ್ಟಳು.

ಅಲ್ಲಿ ಹೆಣ್ಣುಮಕ್ಕಳಿಗೆ ಹದಿನೈದು ತುಂಬುವುದೆಂದರೆ ಮದುವೆಯಷ್ಟೇ ದೊಡ್ಡ ಸಂಭ್ರಮ. ಅಪ್ಪ ಎಲ್ಲರೆದುರು ಮಗಳ ಚಪ್ಪಲಿ ಬಿಚ್ಚಿ ಮೊದಲ ಸಲ ಎತ್ತರದ ಹಿಮ್ಮಡಿಯ ಷೂ ತೊಡಿಸುತ್ತಾನೆ, ಆಮೇಲೆ ಅವಳ ಜೊತೆ ಕುಣಿಯುತ್ತಾನೆ. ಅನೈಲಿಯ ಹದಿನೈದು ಮುಂದಿನ ತಿಂಗಳೇ ಇತ್ತು.

"ನಿಮ್ಮ ಹೆಡ್ಮಾಸ್ಟರನ್ನ ಕರೆದ್ಯಾ ಅಮ್ಮ?" ಅಂತ ಅವಳೇ ಕೇಳಿದಳು.

"ಕರೆದೆ."

"ಅವರ ಹೆಂಡ್ತೀನ? ಅಪ್ಪನ ಆಸ್ಪತ್ರೆಯೋರನ್ನ? ನಿನ್ನ ಹಳೇ ವಿದ್ಯಾರ್ಥಿಗಳ್ನ? ಎಲ್ಲಾರೂ ಬರ್ಲಿ ಬಿಡು, ದಿನಾ ಬರುತ್ತಾ ಹದಿನೈದು."

ಅಂಗಳದಲ್ಲಿ ಜಾಗ ಸಾಲುವುದಿಲ್ಲ ಅಂತ ಮಿಗ್ದಾಲಿಯಾ ಸಂತೋಷದಿಂದಲೇ ಗೊಣಗಿದಳು. ಪೆಟ್ಟಿಗೆಯ ತಳದಿಂದ ತನ್ನ ಹದಿನೈದರ ಗೌನು ತೆಗೆದಳು. ಬಿಳಿ ಸ್ಯಾಟಿನ್ನು. ಕಬ್ಬಿನ ಗದ್ದೆಯ ಹೆಂಗಸರೆಲ್ಲ ಕೂತು ಹೊಲಿದಿದ್ದು. ಹಿಡಿದುಕೊಂಡ ಭುಜವನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತ, ಮಗಳ ಅಳತೆಗೆ ಅದನ್ನು ಬಿಚ್ಚಿ ಹೊಲಿದಳು. ನೋಡಿ ಅನೈಲಿಗೆ ಒಂದು ಕ್ಷಣ ಕರುಳು ಚುರುಕ್ಕೆಂದಿತು. ಪರೀಕ್ಷೆಯ ಹೊತ್ತಿಗೆ ಯಾರ ಕರುಳೂ ಚುರುಕ್ಕೆಂದಿರಲಿಲ್ಲವಲ್ಲ ಅಂದುಕೊಂಡು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಅವಳ ಕೆಲಸ ಬೇರೆ ನಡೆದಿತ್ತು. ಸತ್ತ ಷೂಗಳಿಗೆ ಹಳೇ ಪೇಪರು ತುರುಕಿ, ಪಕ್ಕದ ಮನೆಯ ತಗಡಿನ ಮೇಲೆ ಒಣಗಿಸಿ, ವಾರ್ನಿಷ್ ಮೇಲೆ ವಾರ್ನಿಷ್ ಕುಡಿಸಿದಳು. ಬೆರಳಲ್ಲಿ ಬಡಿದರೆ ಮರದ ಸದ್ದು ಬರುವವರೆಗೂ ಬಿಡಲಿಲ್ಲ. ಹರಡಿನ ಊತ ಇಳಿಯಿತು. ಪೆಟ್ಟಾದವರಿಗೆ ಹವಾನಾದಲ್ಲಿ ಎರಡನೇ ಸಲ ಪರೀಕ್ಷೆ ಇದೆ ಎಂದು ಅವಳ ನೃತ್ಯದ ಟೀಚರ್ ಸೆನೈದಾ ಹೇಳಿದ್ದಳು. ಹವಾನಾದಲ್ಲಿ ಅಪ್ಪನ ತಾಯಿ ಇದ್ದಳು. ಸೊಸೆಯ ಮುಖ ನೋಡದೆ ವರ್ಷಗಳಾಗಿದ್ದ ಮುದುಕಿ. ಫೋನಿನಲ್ಲಿ ವಿಷಯ ಕೇಳಿ ಕೆಮ್ಮುತ್ತ ನಕ್ಕಳು.

"ನಿಮ್ಮಮ್ಮನ ಮೇಲಿನ ಸಿಟ್ಟಿಗಾದ್ರೂ ಮಂಚ ಬಿಟ್ಕೊಟ್ಟು ನಾನು ನೆಲದ ಮೇಲೆ ಮಲಗ್ತೀನಿ. ಬಾರೇ."

"ಶುಕ್ರವಾರವೇ ಹೊರಡೋಣ," ಅಂದಳು ಸೆನೈದಾ. "ಸುಮ್ನೆ ಹೋಗ್ಬಿಡು ಹುಡುಗಿ. ರಂಪ ಮಾಡ್ಬೇಡ."

"ಇಲ್ಲ ಟೀಚರ್, ಶನಿವಾರ. ಪಾರ್ಟಿ ಇದೆ. ಹವಾನಾಕ್ಕೆ ಹೋಗೋ ಲಾರಿ ಹತ್ರ ನೀವು ಕಾಯ್ತಿರಿ."

ಶನಿವಾರ ಸಂಜೆ ಅಂಗಳ ತುಂಬಿ ಬೀದಿಗೆ ಚೆಲ್ಲಿತ್ತು. ಸುಟ್ಟ ಹಂದಿಯ ಘಮ, ರಮ್ಮು, ನೀಲಿ ಕೆನೆಯ ಕೇಕು. ಹೆಡ್ಮಾಸ್ಟರು ಎದ್ದು, ಮಿಗ್ದಾಲಿಯಾಳಂಥ ತಾಯಿ ಇದ್ದರೆ ದೇಶಕ್ಕೆ ವಿಜ್ಞಾನಿಗಳ ಕೊರತೆ ಇರುವುದಿಲ್ಲ ಎಂದು ಭಾಷಣ ಬಿಗಿದರು. ಮಿಗ್ದಾಲಿಯಾಳ ಮುಖ ಕಂಚಿನ ತಟ್ಟೆಯ ಹಾಗೆ ಹೊಳೆಯಿತು.

ಸಂಗೀತ ಶುರುವಾಯಿತು. ಎವೆಲಿಯೋ ಎರವಲು ಕೋಟು ತೊಟ್ಟು, ಕೈಯಲ್ಲಿ ಬಿಳಿ ಷೂ ಹಿಡಿದು ಬಂದ. ವಾರದಿಂದ ಅಡುಗೆಮನೆಯಲ್ಲಿ ಪೊರಕೆ ಹಿಡಿದು ಹೆಜ್ಜೆ ಕಲಿತಿದ್ದ ಪಾಪ. ಅನೈಲಿ ಕುರ್ಚಿಯಲ್ಲಿ ಕೂರಲಿಲ್ಲ. ಗೌನಿನ ಅಂಚು ಎತ್ತಿ ಹಿಡಿದು ಗುಡಾಣದ ಹತ್ತಿರ ಹೋದಳು.

"ಅಪ್ಪ, ಮೊದ್ಲು ಈ ಮುಚ್ಚಳ ಎತ್ತು ಬಾ."

"ಯಾಕಮ್ಮ?"

"ಒಬ್ಬರ ಕೈಲಿ ಆಗಲ್ಲ. ನಿಂಗೊತ್ತಲ್ಲ."

ಅವನ ಮುಖ ಬಿಳಿಚಿಕೊಂಡಿತು. ಯಾವುದೋ ಹೊಸ ಫ್ಯಾಷನ್ನು ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಮುಂದೆ ನುಗ್ಗಿದ. ಅಷ್ಟು ಜನರೆದುರು ಏನು ಮಾಡುತ್ತಾನೆ, ಷೂಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಲಗೆಯ ಒಂದು ತುದಿ ಹಿಡಿದ. ಅವಳು ಇನ್ನೊಂದು ತುದಿ ಹಿಡಿದಳು.

ಆಮೇಲೆ ಅವಳು ಬೆನ್ನ ಹಿಂದಿನ ಕೊಂಡಿಗಳನ್ನು ಬಿಚ್ಚಿದಳು. ಗೌನು ಕಾಲಬುಡಕ್ಕೆ ಇಳಿಯಿತು. ಒಳಗೆ ಕಪ್ಪು ಅಭ್ಯಾಸದ ಉಡುಪು, ಮೇಲೊಂದು ಲಂಗ. ಗೌನನ್ನು ಬಾಚಿ ಗುಡಾಣದೊಳಗೆ ತುರುಕಿ, ತೋಳು ಮುಳುಗುವ ತನಕ ಅದುಮಿದಳು. ಗುಳುಗುಳು ಎಂದು ಗಾಳಿ ಹೊರಬಂತು. ತಳದ ಕೆಸರು ಎದ್ದು ಬಿಳಿ ಸ್ಯಾಟಿನ್ನು ಹುಣ್ಣಿಗೆ ಕಟ್ಟಿದ ಬಟ್ಟೆಯ ಹಾಗೆ ಕೆಂಪಾಯಿತು.

ಸಂಗೀತ ಒಂದೇ ತನ್ನ ಪಾಡಿಗೆ ನಡೆದಿತ್ತು.

"ಏನೇ ಮಾಡ್ದೆ?" ಮಿಗ್ದಾಲಿಯಾ ಕುರ್ಚಿ ತಳ್ಳಿ ಎದ್ದಳು. "ನನ್ನ ಬಟ್ಟೆ ಕಣೇ ಅದು."

"ಸೂರು ಸೋರಿತಮ್ಮ," ಅಂದಳು ಅನೈಲಿ, ಎಲ್ಲರಿಗೂ ಕೇಳುವ ಹಾಗೆ. "ಪರೀಕ್ಷೆ ದಿನ ನನ್ನ ಷೂ ಮೇಲೂ ಹಿಂಗೇ ಸೋರಿತ್ತು. ಅವತ್ತೂ ಮುಚ್ಚಳ ಹಿಡಿದಿದ್ದು ಅಪ್ಪನೇ. ಕೇಳಿ ಹೆಡ್ಮಾಸ್ಟ್ರೇ, ಲೆಕ್ಕ ಅವರೇ ಬಿಡಿಸಿ ಹೇಳ್ತಾರೆ."

ಮಿಗ್ದಾಲಿಯಾ ಗುಡಾಣಕ್ಕೆ ಕೈ ಹಾಕಲು ಹೋದಳು. ಅವಳ ಭುಜ ಮೇಲೇಳಲಿಲ್ಲ.

ಅನೈಲಿ ಬಾಗಿಲ ಹಿಂದೆ ಇಟ್ಟಿದ್ದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು. ಒಳಗೆ ಷೂ ಒಂದಕ್ಕೊಂದು ಬಡಿದು ಟಕ್ಕೆಂದವು. ಜನ ದಾರಿ ಬಿಟ್ಟರು. ಅಪ್ಪ ಮಾತ್ರ ಎತ್ತರದ ಹಿಮ್ಮಡಿಯ ಷೂಗಳನ್ನು ಮತ್ತೆ ಕೈಗೆ ತೆಗೆದುಕೊಂಡು ಅಡ್ಡ ನಿಂತ.

"ಒಂದೇ ಒಂದು ಸುತ್ತು ಕುಣಿದು ಹೋಗೇ," ಅಂದ ಮೆಲ್ಲಗೆ. "ನಾನು ಕಲ್ತಿದೀನಿ."

"ನಾನೂ ಕಲ್ತಿದ್ದೆ ಅಪ್ಪ," ಅಂದು ಅವನನ್ನು ಬಳಸಿಕೊಂಡು ಹೊರಗೆ ನಡೆದಳು.

ಬೀದಿಯ ತಿರುವು ಮುಟ್ಟುವಾಗ ಹಿಂದಿನಿಂದ ತಾಯಿಯ ದನಿ ಕೇಳಿಸಿತು. ತರಗತಿಗೆ ಪಾಠ ಹೇಳುವ ಅದೇ ಗಟ್ಟಿ ದನಿ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಈ ಗುಡಾಣದ ನೀರು ಕುಡಿದು ಬೆಳೆದೋಳು, ಎಲ್ಲಿಗೆ ಹೋಗ್ತಾಳೆ? ಹಸಿವಾದ್ರೆ ಬರ್ತಾಳೆ. ಯಾರೂ ಕೇಕ್ ಮುಟ್ಬೇಡಿ, ಅವಳೇ ಬಂದು ಕತ್ತರಿಸ್ಲಿ."

ಅನೈಲಿ ತಿರುಗಿ ನೋಡಲಿಲ್ಲ. ಹರಡು ಇನ್ನೂ ಸಣ್ಣಗೆ ನೋಯುತ್ತಿತ್ತು. ಲಾರಿಯ ಹತ್ತಿರ ಸೆನೈದಾ ಕೈ ಬೀಸುತ್ತಿದ್ದಳು.

ಕೇಕಿನ ನೀಲಿ ಕೆನೆ ಕರಗಿ ಮೇಜಿನಿಂದ ನೆಲಕ್ಕೆ ತೊಟ್ಟಿಕ್ಕುವವರೆಗೂ ಆ ಜನ ಕಾದರು. ಅವಳು ಬರಲಿಲ್ಲ. ಆ ವರ್ಷ ಬರಲಿಲ್ಲ, ಆಮೇಲೆಯೂ ಬರಲಿಲ್ಲ.