ತಾನಾಗಿ ಸರಿಯುವ ಫೆನ್ಸು, ಕರಿ ಉಣ್ಣೆಯ ದಾರ

ಕೊರಿಯರಿನವನು ಉದ್ದನೆಯ ರಟ್ಟಿನ ಡಬ್ಬಿ ತಂದಿಟ್ಟಾಗಲೇ ನನಗೆ ಗೊತ್ತಾಯಿತು, ಇದು ಮನೆಗೆ ಬೇಕಾದ ಸಾಮಾನಲ್ಲ, ನಮ್ಮ ಯಜಮಾನರಿಗೆ ಬೇಕಾದ ಸಾಮಾನು. ಮನೆಗೆ ಬೇಕಾದದ್ದನ್ನು ಅವರು ಯಾವತ್ತೂ ಅಷ್ಟು ನಾಜೂಕಾಗಿ ಬಿಚ್ಚಿದವರಲ್ಲ. ಕತ್ತರಿ ಬೇಡ ಎಂದು ಟೇಪನ್ನು ಉಗುರಿನಲ್ಲೇ ಎಬ್ಬಿಸುತ್ತ ಕೂತಿದ್ದರು.

ನಮ್ಮ ಯಜಮಾನರು ಗಂಗರಾಜು, ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಫಿಟ್ಟರು. ಭಾನುವಾರ ಬಂತೆಂದರೆ ಬಡಗಿ. ಹಿತ್ತಲಿನಲ್ಲಿ ಶೀಟು ಹಾಕಿಸಿ ಅದರಡಿ ಟೇಬಲ್ ಗರಗಸ ಇಟ್ಟುಕೊಂಡಿದ್ದಾರೆ. ಮಣೆ, ಸ್ಟೂಲು, ಗೋಡೆಗೆ ಹೊಡೆಯುವ ಶೆಲ್ಫು, ಬೀದಿಯವರು ಕೇಳಿದರೆ ತೊಟ್ಟಿಲು. ಇಷ್ಟೇ ಅವರ ಕಾರ್ಖಾನೆ. ನಾನು ಒಳಗೆ ಕೂತು ರವಿಕೆ ಹೊಲಿಯುತ್ತೇನೆ, ಅವರು ಹೊರಗೆ ಕೂತು ಮರ ಕೊಯ್ಯುತ್ತಾರೆ, ಇಬ್ಬರ ಸದ್ದೂ ಸೇರಿ ಪಕ್ಕದ ಮನೆಯವರಿಗೆ ಭಾನುವಾರದ ನಿದ್ದೆ ಇಲ್ಲ.

ಡಬ್ಬಿಯಿಂದ ಬಂದದ್ದು ಗರಗಸದ ಫೆನ್ಸು. ಟೇಬಲಿನ ನಡುವೆ ಬ್ಲೇಡು ತಲೆ ಎತ್ತಿಕೊಂಡಿರುತ್ತದಲ್ಲ, ಅದರ ಪಕ್ಕದಲ್ಲಿ ಒಂದು ನೆಟ್ಟನೆಯ ಪಟ್ಟಿ. ಮರವನ್ನು ಅದಕ್ಕೆ ಒತ್ತಿ ಹಿಡಿದು ತಳ್ಳಬೇಕು. ಪಟ್ಟಿಗೂ ಬ್ಲೇಡಿಗೂ ಎಷ್ಟು ಅಂತರವೋ ತುಂಡು ಅಷ್ಟು ಬರುತ್ತದೆ. ಇಷ್ಟು ವರ್ಷ ಅದನ್ನು ಕೈಯಲ್ಲೇ ಎಳೆದು, ಅಳತೆ ನೋಡಿ, ತಿರುಪು ಬಿಗಿದುಕೊಳ್ಳುತ್ತಿದ್ದರು. ಹೊಸದಕ್ಕೆ ಮೋಟಾರು, ಅಂಗೈಯಗಲದ ಪರದೆ. ನಂಬರ್ ಒತ್ತಿದರೆ ತಾನೇ ಜುಂಯ್ ಎಂದು ಸರಿದು ಅಲ್ಲೇ ನಿಲ್ಲುತ್ತದೆ.

ನಾನು ಮೊಳಕಾಲ್ಮೂರಿನವಳು. ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತದೆ. "ಏಂದಿ ಇದಿ? ವರ್ಷಕ್ಕೆ ನಾಲ್ಕು ಸ್ಟೂಲು ಮಾಡೋರಿಗೆ ಇದ್ಯಾಕ್ರೀ? ಕೈಗೇನಾಗೈತೆ?"

"ಕೈಗೇನಾಗಿಲ್ಲ. ಒಂದೇ ಅಳತೆದು ಹತ್ತು ತುಂಡು ಬೇಕಂದ್ರೆ ಹತ್ತೂ ಒಂದೇ ಥರ ಬರ್ತಾವೆ. ಕೂದಲೆಳೆ ಫರಕು ಇರಲ್ಲ."

"ನಿಮ್ಮ ಸ್ಟೂಲಿನ ಮ್ಯಾಲೆ ಕೂರೋರು ಕೂದಲೆಳೆ ನೋಡಿ ಕೂರ್ತಾರಾ? ಹೋಗ್ಲಿ, ಬೆರಳಾದ್ರೂ ಉಳಿಸ್ತೈತಾ?"

ಸುಳ್ಳು ಹೇಳುವ ಜಾಯಮಾನ ಅವರದಲ್ಲ. "ಇಲ್ಲ ಕಣೆ. ಬ್ಲೇಡು ಅದೇ ಬ್ಲೇಡು, ತಳ್ಳೋನು ನಾನೇ," ಎಂದರು. ಮತ್ತೆ ಮಗುವಿನ ಹಾಗೆ ನಂಬರ್ ಒತ್ತಿ ಜುಂಯ್ ಅನ್ನಿಸಿದರು.

ಆ ಫೆನ್ಸು ಬರುವ ಮೊದಲು ಅವರದೊಂದು ರೂಢಿ ಇತ್ತು. ಯಾರದೇ ಮನೆಯ ಕೆಲಸವಾಗಲಿ, ಮೊದಲು ಒಂದೇ ಹಲಗೆ ಕೊಯ್ಯುವುದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೇ ಹೋಗಿ ಗೋಡೆಗೆ ಹಿಡಿದು ನೋಡುವುದು, ಸರಿ ಇದೆ ಎಂದ ಮೇಲೇ ಮಿಕ್ಕಿದ್ದು. "ಹಲಗೆಗೆ ಹೆಣ್ಣು ನೋಡೋಕೆ ಹೊಂಟ್ರಾ?" ಎಂದು ನಾನು ಬಾಗಿಲಲ್ಲೇ ಛೇಡಿಸುತ್ತಿದ್ದೆ. ಹೊಸ ಫೆನ್ಸು ಬಂದ ಮೇಲೆ ಆ ಓಡಾಟ ನಿಂತಿತು. ನಂಬರ್ ಸುಳ್ಳು ಹೇಳುವುದಿಲ್ಲವಂತೆ.

ಹೀಗಿರುವಾಗ ನಮ್ಮ ಭಾವ ಬಂದರು. ಯಜಮಾನರ ಅಣ್ಣ, ದೊಡ್ಡೀರಪ್ಪ. ನನ್ನಿವಾಳದ ಕಡೆಯ ಹಟ್ಟಿಯಲ್ಲಿ ಕುರಿ ಕಾಯುತ್ತಾರೆ, ಮನೆದೇವರ ಪೂಜೆಯೂ ಅವರದೇ. ಅವರು ನಮ್ಮ ಮನೆಗೆ ಬಂದದ್ದು ಬಹಳ ಕಡಿಮೆ. ತಮ್ಮನಾದವನು ಕುರಿ ಬಿಟ್ಟು ಮಿಲ್ಲು ಸೇರಿದ್ದು ಅವರಿಗೆ ಒಂದು ನೋವು, ಮಗ್ಗದವರ ಮನೆಯ ನನ್ನನ್ನು ಕಟ್ಟಿಕೊಂಡದ್ದು ಇನ್ನೊಂದು. ಅವತ್ತಿನಿಂದ ಮನೆದೇವರನ್ನು ಇಡುವ ಪೆಟ್ಟಿಗೆ ಮುಟ್ಟುವ ಕೆಲಸಕ್ಕೆ ತಮ್ಮನನ್ನು ಯಾರೂ ಕರೆಯಲಿಲ್ಲ. ಬೇಡ ಎಂದೂ ಅನ್ನಲಿಲ್ಲ, ಕರೆಯಲಿಲ್ಲ ಅಷ್ಟೇ. ದೇವರನ್ನು ಆ ಪೆಟ್ಟಿಗೆಯಲ್ಲಿ ತಲೆ ಮೇಲೆ ಹೊತ್ತು ಹೊಳೆಪೂಜೆಗೆ ಹೋಗುವ ದಿನ ನಮ್ಮವರು ಗುಂಪಿನ ಕೊನೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದನ್ನು ನೋಡಿ ನಾನು ಎಷ್ಟು ಸಲ ಹೊಟ್ಟೆ ಉರಿದುಕೊಂಡಿದ್ದೇನೋ.

ಭಾವ ಕಂಬಳಿಯನ್ನು ಹೆಗಲಿಂದ ಇಳಿಸಿ ಜಗಲಿಯ ಮೇಲೆ ಕೂತರು. ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಬೋರಲು ಹಾಕಿದರು.

"ದೇವರ ಪೆಟ್ಟಿಗೆ ತಳ ಗೆದ್ಲು ಹಿಡಿದೈತೆ ಗಂಗ. ಹೊಳೆಗೆ ಹೋಗೋದ್ರೊಳಗೆ ಹೊಸದಾಗ್ಬೇಕು."

"ಯಾರ ಕೈಲಿ ಮಾಡಿಸ್ತೀಯ ಅಣ್ಣ?"

"ಅಪ್ಪ ಹೊನ್ನೆ ಹಲಗೆ ಎತ್ತಿಟ್ಟು ಹೋಗಿದ್ದ. ಚಿಕ್ಕೋನ ಕೈಲಿ ಆಗ್ಲಿ ಅಂದಿದ್ದ. ನಂಗೆ ಮನಸಿಲ್ಲದೆ ಇಷ್ಟು ದಿನ ಹೇಳಿರಲಿಲ್ಲ." ಮುಚ್ಚುಮರೆ ಇಲ್ಲದೆ ಹಾಗೇ ಅಂದರು. "ಮಾಡ್ತೀಯಾ?"

ನಮ್ಮವರು ಆಗಲಿ ಎಂದು ತಲೆ ಆಡಿಸಿದರು. ನನಗೆ ಆ ಗಳಿಗೆಯಲ್ಲಿ ಭಾವನ ಮೇಲೆ ಸಿಟ್ಟೂ ಬಂತು, ಅವರ ಕಾಲು ಮುಟ್ಟಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಟೀ ಇಡಲು ಒಳಗೆ ಹೋದೆ.

ಪೆಟ್ಟಿಗೆಯೊಳಗೆ ದೇವರ ಬೆತ್ತ ಇರುತ್ತದೆ, ಅವರಿಗೆ ಅದೇ ದೇವರು. ಮೊಳಕ್ಕಿಂತ ಚೂರು ಉದ್ದ. ಅದು ನೆಟ್ಟಗೆ ಮಲಗಬೇಕು, ಓರೆಯಾಗಿ ಇಡುವಂತಿಲ್ಲ. ಅದಕ್ಕೆ ಕಬ್ಬಿಣದ ಟೇಪು ತಾಗಿಸುವಂತಿಲ್ಲ. ಅವರ ಮನೆತನದಲ್ಲಿ ಅದರ ಅಳತೆ ತೆಗೆಯುವುದು ಕರಿ ಕುರಿಯ ಉಣ್ಣೆ ಹೊಸೆದ ದಾರದಲ್ಲಿ, ಎರಡು ತುದಿಗೆ ಎರಡು ಗಂಟು ಹಾಕಿ. ಭಾವ ಆ ದಾರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಟ್ರ್ಯಾಕ್ಟರಿನಲ್ಲಿ ಹಲಗೆಗಳು ಬಂದವು. ಸರಿಯಾಗಿ ಒಂದು ಪೆಟ್ಟಿಗೆಗೆ ಆಗುವಷ್ಟು.

ಆ ಭಾನುವಾರ ನಮ್ಮವರು ಸ್ನಾನ ಮಾಡಿ, ಏನೂ ತಿನ್ನದೆ ಕೆಲಸಕ್ಕೆ ನಿಂತರು. ದಾರವನ್ನು ಮಣೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಟೇಪು ಇಟ್ಟು, ದಾರಕ್ಕೆ ತಾಗಿಸದೆ ಬಗ್ಗಿ ನೋಡಿದರು. ನಂಬರ್ ಒತ್ತಿದರು. ಜುಂಯ್. ಎರಡು ಪಕ್ಕದ ಹಲಗೆ, ತಳ, ಮುಚ್ಚಳ, ನಾಲ್ಕೂ ಒಂದೇ ಉದ್ದ. ನನ್ನ ಒಂದು ರವಿಕೆಯ ತೋಳು ಮುಗಿಯುವುದರೊಳಗೆ ಅವರ ನಾಲ್ಕು ಹಲಗೆ ಮುಗಿದಿದ್ದವು. ಒಂದರ ಮೇಲೊಂದು ಜೋಡಿಸಿ ನನ್ನನ್ನು ಕರೆದು, "ಬೆರಳು ಆಡಿಸಿ ನೋಡು," ಎಂದರು. ಆಡಿಸಿದೆ. ನಾಲ್ಕು ಹಲಗೆಯೋ ಒಂದೇ ಮರವೋ ತಿಳಿಯಲಿಲ್ಲ. "ಪರವಾಗಿಲ್ಲ," ಎಂದೆ. ಅದಕ್ಕಿಂತ ಹೆಚ್ಚು ಅನ್ನಲು ನನ್ನ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಸಂಜೆ, ಇವರು ಮಿಲ್ಲಿನಿಂದ ಬಂದ ಮೇಲೆ, ಭಾವ ಬಂದರು. ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಜಗ್ಗಿ ಹಲಗೆಯ ಮೇಲೆ ಹಿಡಿದರು. ಒಂದು ಗಂಟು ಈ ತುದಿಗೆ ಸರಿಯಾಗಿ ಕೂತಿತು. ಇನ್ನೊಂದು ಗಂಟು ಆ ತುದಿಯನ್ನು ದಾಟಿ ಹೆಬ್ಬೆರಳಗಲ ಆಚೆ ಹೋಯಿತು.

"ಗಿಡ್ಡ ಆಗೈತಲ್ಲೋ ಗಂಗ."

ಎರಡನೆಯದಕ್ಕೆ ಹಿಡಿದರು, ಮೂರನೆಯದಕ್ಕೆ ಹಿಡಿದರು. ಎಲ್ಲವೂ ಗಿಡ್ಡ, ಎಲ್ಲವೂ ಒಂದೇ ಸಮ ಗಿಡ್ಡ. ಕೂದಲೆಳೆ ಫರಕಿಲ್ಲ.

ರೇಷ್ಮೆ ಎಳೆಯ ನಡುವೆ ಬೆಳೆದವಳು ನಾನು, ದಿನವಿಡೀ ನೂಲು ಹಿಡಿಯುವವಳು, ನನಗೂ ಹೊಳೆದಿರಲಿಲ್ಲ. ರೇಷ್ಮೆಯನ್ನು ಜಗ್ಗಿದರೆ ಅದು ಹಟ ಹಿಡಿದು ನಿಲ್ಲುತ್ತದೆ. ಕೈಯಲ್ಲಿ ಹೊಸೆದ ಉಣ್ಣೆ ಹಾಗಲ್ಲ, ಜಗ್ಗಿದಷ್ಟು ಬರುತ್ತದೆ, ಬಿಟ್ಟರೆ ಕುಗ್ಗಿ ಕೂರುತ್ತದೆ. ಭಾವ ಬೆತ್ತದ ಉದ್ದಕ್ಕೂ ದಾರ ಜಗ್ಗಿ ಹಿಡಿದು ಗಂಟು ಹಾಕಿದ್ದರು. ನಮ್ಮವರು ಸಡಿಲ ಮಲಗಿಸಿ ಅಳೆದಿದ್ದರು.

"ಜಗ್ಗಿ ಅಳೀಲಿಲ್ವೇನೋ?" ಭಾವನ ದನಿ ಏರಿತು.

"ದೇವರ ದಾರ ಅಣ್ಣ. ಜಗ್ಗೋಕೆ ಕೈ ಬರ್ಲಿಲ್ಲ."

ಭಾವ ಹಲಗೆಯನ್ನು ಪಕ್ಕಕ್ಕೆ ಸರಿಸಿದರು. ದಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು, ಕಂಬಳಿ ಹೆಗಲಿಗೆ ಹಾಕಿಕೊಂಡರು, ಬರ್ತೀನಿ ಅಂತಲೂ ಅನ್ನದೆ ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಟ್ಟರು.

ಆ ಫೆನ್ಸು ಬಂದ ದಿನದಿಂದ ನಾನು ದಂಡ ಎಂಬ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಸಮಯ ಕಾಯುತ್ತಿದ್ದೆ. ಈಗ ಅದರ ಸಮಯ ಬಂದಿತ್ತು. ಆದರೆ ನಮ್ಮವರು ಹಲಗೆಗಳ ಪಕ್ಕ ಮಂಡಿಗೆ ಕೈ ಕಟ್ಟಿ ಕೂತಿದ್ದನ್ನು ನೋಡಿದರೆ ಅದನ್ನು ಆಡಲು ನಾಲಿಗೆ ಏಳಲಿಲ್ಲ.

"ಮೊದಲಾಗಿದ್ರೆ ಒಂದು ಹಲಗೆ ಕೊಯ್ದು ಬಸ್ಸಿಗೆ ಹತ್ತುತಿದ್ದೆ. ಬೆತ್ತದ ಪಕ್ಕ ಹಿಡಿದು ನೋಡಿ ಬರ್ತಿದ್ದೆ," ಎಂದರು. "ಕೈಲಿ ಕೊಯ್ದಿದ್ರೆ ಒಂದು ಹಲಗೆ ಕೆಡ್ತಿತ್ತು. ಇದು ನಾಲ್ಕೂ ಕೆಡಿಸ್ತು. ಅಲ್ಲ, ಅದೇನು ಮಾಡೀತು, ನಾನೇ ಒತ್ತಿದ್ದು."

"ಊಟ ಮಾಡ್ರಿ ಮೊದ್ಲು," ಎಂದೆ.

ಅವರು ಉಣ್ಣಲಿಲ್ಲ. ಹಲಗೆ ಹೋಯಿತೆಂಬ ಚಿಂತೆ ಅಲ್ಲ ಅದು. ಹೊನ್ನೆ ಇನ್ನೆಲ್ಲಾದರೂ ಸಿಕ್ಕೀತು. ಅಪ್ಪ ಎತ್ತಿಟ್ಟದ್ದು, ಅಣ್ಣ ಮನಸಿಲ್ಲದ ಮನಸಿನಿಂದ ಕೊಟ್ಟದ್ದು, ಅದು ಇನ್ನೊಂದು ಸಲ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವಾರವೆಲ್ಲ ಹಿತ್ತಲಿನಲ್ಲಿ ಸದ್ದಿರಲಿಲ್ಲ. ನನಗೆ ಹೊಲಿಗೆಯೇ ಸರಿಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಭಾವ ಮತ್ತೆ ಬಂದರು. ತಲೆಯ ಮೇಲೆ ಕಂಬಳಿ ಸುತ್ತಿದ ಒಂದು ಗಂಟು. ಇಳಿಸಿ ಬಿಚ್ಚಿದರೆ ಹಳೆಯ ಪೆಟ್ಟಿಗೆ. ದೇವರನ್ನು ಹಿತ್ತಾಳೆ ತಟ್ಟೆಗೆ ಇಳಿಸಿ, ಪೆಟ್ಟಿಗೆಯನ್ನು ಬರಿದು ಮಾಡಿ ತಂದಿದ್ದರು.

"ತಳ ಅಷ್ಟೇ ಹೋಗಿರೋದು. ಪಕ್ಕದ ಹಲಗೆ ಗಟ್ಟಿ ಐತೆ ನೋಡು. ಇದ್ರಾಗೆ ಪಟ್ಟಿ ತೆಗೆದು ಈ ತುದಿಗೆ ಅರ್ಧ ಹೆಬ್ಬೆರಳು, ಆ ತುದಿಗೆ ಅರ್ಧ ಹೆಬ್ಬೆರಳು ಕೂಡಿಸು."

"ಹಳೇ ಪೆಟ್ಟಿಗೆ ಹೊಳೆಗೆ ಬಿಡ್ಬೇಕಲ್ಲ ಅಣ್ಣ?"

"ಬಿಡಾನ. ಎಲ್ಲಾನೂ ಬಿಡ್ಬೇಕು ಅಂತ ಯಾರು ಹೇಳ್ಯಾರೆ? ಪೂಜಾರಿ ನಾನು." ಆಮೇಲೆ ನೆಲ ನೋಡುತ್ತ ಹೇಳಿದರು, "ಸಡಿಲ ಬಿಟ್ರೆ ಅಳತೆ ತಪ್ಪೀತು ಅನ್ನೋ ಹೆದ್ರಿಕೆಗೆ ಜಗ್ಗಿ ಗಂಟು ಹಾಕಿದ್ದು ನಾನು. ನಿಂಗೆ ಒಂದ್ಮಾತು ಹೇಳ್ಬೇಕಿತ್ತು."

ಎಂಟು ಪಟ್ಟಿ ಬೇಕಿತ್ತು, ನಾಲ್ಕು ಹಲಗೆಗಳ ಎರಡೆರಡು ತುದಿಗೆ. ಒಂದು ದಪ್ಪ ಒಂದು ತೆಳು ಆದರೆ ಪೆಟ್ಟಿಗೆ ಸೊಟ್ಟಗಾಗುತ್ತದೆ. ನಮ್ಮವರು ಮೊದಲು ಒಂದೇ ಪಟ್ಟಿ ಕೊಯ್ದರು. ಭಾವ ಅದನ್ನು ಹಲಗೆಯ ತುದಿಗೆ ಹಿಡಿದು, ಇನ್ನೊಂದು ತುದಿಗೂ ಅಷ್ಟೇ ಬಿಟ್ಟು, ದಾರ ಜಗ್ಗಿದರು. "ಒಂಚೂರು ಹೆಚ್ಚೈತೆ." ನಮ್ಮವರು ದಪ್ಪದ ನಂಬರನ್ನು ಒಂಚೂರು ಇಳಿಸಿದರು. ಇನ್ನೊಂದು ಕೊಯ್ದು ಹಿಡಿದರು. "ಈಗ ಸರಿ." ಆಮೇಲೆ ಮಿಕ್ಕಿದ್ದು. ಪ್ರತಿ ಸಲವೂ ಫೆನ್ಸು ಪಟ್ಟಿಯ ದಪ್ಪ, ಬ್ಲೇಡಿನ ದಪ್ಪ ಎರಡನ್ನೂ ಸೇರಿಸಿ ಅಷ್ಟೇ ಒಳಗೆ ಬರುತ್ತಿತ್ತು, ತೆಳು ಪಟ್ಟಿ ಬ್ಲೇಡಿನ ಆಚೆ ಮೆಲ್ಲಗೆ ಬೀಳುತ್ತಿತ್ತು. ಕೈಯಲ್ಲಿ ಸರಿಸಿಕೊಂಡು ಇಷ್ಟು ತೆಳುವಾಗಿ, ಎಲ್ಲವೂ ಒಂದೇ ಸಮ ತೆಗೆಯಲು ನಮ್ಮವರಿಂದ ಆಗುತ್ತಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡರು, ನಾನೂ ಕಣ್ಣಾರೆ ಕಂಡೆ.

ಭಾವ ಒಂದು ಸಲ ತಾವೇ ಗುಂಡಿ ಒತ್ತಿ ಜುಂಯ್ ಅನ್ನಿಸಿ ನೋಡಿದರು. "ಕುರಿ ಹಿಂಗೆ ಮಾತು ಕೇಳಿದ್ರೆ ಎಷ್ಟು ಚೆಂದ," ಎಂದರು. ಆ ಮನುಷ್ಯ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಬೀದಿಯಲ್ಲಿ ಯಾರಾದರೂ, ಮನೆಯಲ್ಲಿ ಮರಗೆಲಸ ಮಾಡುವವರಿಗೆ ಆ ಫೆನ್ಸು ಬೇಕಾ ಎಂದು ಕೇಳಿದರೆ ನಾನು ದಂಡ ಎಂದೇ ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸ್ಟೂಲಿಗೆ ಅದು ದಂಡವೇ. ಆದರೆ ಧೂಳು ಕೂರದಿರಲಿ ಎಂದು ಅಸ್ತರಿನ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದು ಹಾಕಿದ್ದೇನೆ. ಮತ್ತೆ ನಮ್ಮವರು ಈಗ ಮೊದಲಿನಂತೆ ಒಂದು ಹಲಗೆ ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿಯುತ್ತಾರೆ. ನಾನು ಛೇಡಿಸುವುದನ್ನು ಬಿಟ್ಟಿಲ್ಲ.

ದೇವರು ಹೊಳೆಗೆ ಹೊರಟ ದಿನ ನಾವೂ ಹಟ್ಟಿಗೆ ಹೋದೆವು. ಹೊನ್ನೆಯ ಕೆಂಪಿನ ನಡುವೆ ಹಳೆಯ ಪಟ್ಟಿಗಳು ಕಪ್ಪಗೆ ಕಾಣುತ್ತಿದ್ದವು. ಭಾವ ಬೆತ್ತವನ್ನು ಒಳಗೆ ಇಳಿಸಿದರು. ನೆಟ್ಟಗೆ ಮಲಗಿತು. ಮುಚ್ಚಳ ಹಾಕಿದರು, ಉರುಮೆಯ ಬಡಿತ ಶುರುವಾಯಿತು. ನಮ್ಮವರು ರೂಢಿಯಂತೆ ಚಪ್ಪಲಿ ಕೈಯಲ್ಲಿ ಹಿಡಿದು ಗುಂಪಿನ ಕೊನೆಗೆ ಬಂದು ನನ್ನ ಪಕ್ಕ ನಿಂತರು.

"ಗಂಗ ಎಲ್ಲಿ?" ಭಾವ ಮುಂದಿನಿಂದ ಕೂಗಿದರು.

ಜನ ಹಿಂದೆ ತಿರುಗಿ ನೋಡಿದರು, ದಾರಿ ಬಿಟ್ಟರು. ನಮ್ಮವರು ಹೋದರು. ಭಾವ ತಮ್ಮ ಕಂಬಳಿಯನ್ನು ಸಿಂಬೆ ಮಾಡಿ ಅವರ ತಲೆಯ ಮೇಲಿಟ್ಟರು.

"ನಾನಾ ಅಣ್ಣ? ನಂಗೆ ಹೊತ್ತು ರೂಢಿ ಇಲ್ಲ. ಎಲ್ಲಾದ್ರೂ ಎಡವಿ ಕುಲುಕಿಬಿಟ್ರೆ..."

"ದಾರಾನೇ ಜಗ್ಗದೋನು, ದೇವರ್ನ ಕುಲುಕ್ತೀಯಾ? ಹೊರು."

ಪೆಟ್ಟಿಗೆ ಅವರ ತಲೆಗೇರಿತು. ಅವರು ಒಂದೊಂದೇ ಹೆಜ್ಜೆ ಇಡುತ್ತ ಹೊರಟರು. ಅವರು ಬಿಟ್ಟುಹೋದ ಚಪ್ಪಲಿ ಕೈಯಲ್ಲಿ ಹಿಡಿದು, ಅಳುತ್ತ, ನಾನು ಹಿಂದೆ ನಡೆದೆ.