ಬಜಾರಿನ ಕಲ್ಲುದೋಣಿ

"ತೆಲಿ ಬಗ್ಗಸಲೇ ಬೋಳಿಮಗನ. ನೊಗದಾಗ ಮಖಮಲ್ ಹಾಸ್ಬೇಕೇನು ನಿನಗ?" ಎಂದು ಬೈಯುತ್ತಲೇ ಸಾಹುಕಾರರ ಗುಮಾಸ್ತ ಹಮಾಲ ಗದ್ದೆಪ್ಪನ ಕೊರಳಿಗೆ ಎತ್ತಿನ ಹಗ್ಗ ಬಿಗಿದ. ನೊಗದ ಆಚೆ ತುದಿಗೆ ಯಮನೂರಪ್ಪನನ್ನು ಆಗಲೇ ಕಟ್ಟಿಯಾಗಿತ್ತು.

ಲಿಂಗಸುಗೂರಿನ ಹತ್ತಿ ವ್ಯಾಪಾರಿ ಅಮರಪ್ಪ ಸಾಹುಕಾರರು ನಿಜಾಮ ಸರಕಾರದ ಟೌನ್ ಕಮಿಟಿಗೆ ಹೊಸದಾಗಿ ಮೆಂಬರಾಗಿದ್ದರು, ಇಂದು ಅದರ ಮೆರವಣಿಗೆ. ರಾಯಚೂರಿನಲ್ಲಿ ಯಾರೋ ದೊಡ್ಡವರ ಬಂಡಿಯ ಎತ್ತು ಬಿಚ್ಚಿ ಜನರೇ ಪ್ರೀತಿಯಿಂದ ಎಳೆದದ್ದನ್ನು ಗುಮಾಸ್ತ ನೋಡಿ ಬಂದಿದ್ದ. ತಮಗೂ ಅಂಥ ಪ್ರೀತಿ ಬೇಕೆಂದು ಸಾಹುಕಾರರಿಗೆ ಆಸೆಯಾಯಿತು. ಪ್ರೀತಿಗೆ ಜನ ಬೇಕಲ್ಲ, ಅಂಗಡಿಯಲ್ಲಿ ಹತ್ತಿ ಅಂಡಿಗೆ ಹೊರುವ ಹೊಲಗೇರಿಯ ಹಮಾಲರು ಸಿಕ್ಕರು. ಒಲ್ಲೆ ಎನ್ನಲು ಗದ್ದೆಪ್ಪನಿಗೆ ಬಾಯಿರಲಿಲ್ಲ. ಅವನ ಗುಡಿಸಲು ನಿಂತದ್ದು ಸಾಹುಕಾರರ ಜಾಗದಲ್ಲಿ. ಹೆಂಡತಿ ಕರೆಮ್ಮ ದಿನ ತುಂಬಿದ ಬಸುರಿ.

ಬಿಚ್ಚಿದ ಎತ್ತುಗಳು ಮೇವು ಮೆಲ್ಲುತ್ತ ನೆರಳಲ್ಲೇ ಉಳಿದವು. ಬಂಡಿ ಹೊಡೆಯುವ ಮುದುಕ ಜಂಗ್ಲಿಸಾಬ್ ಶೋಭೆಗಿರಲೆಂದು ಬಾರುಕೋಲು ಹಿಡಿದು ಪಕ್ಕದಲ್ಲಿ ನಡೆದ. ಮುಂದೆ ಬಾಜಾ, ಬಂಡಿಯ ಮೇಲೆ ಸಾಹುಕಾರರ ಹಾರ, ಅತ್ತರು, ಎಲ್ಲರಿಗೂ ಕೈಮುಗಿತ. ಕೆಳಗೆ ಯಮನೂರಪ್ಪ ಏದುಸಿರಿನಲ್ಲೇ, "ಮೆಂಬರ್ ಆದಮ್ಯಾಗ ಭಾಳ ತೂಕ ಆಗ್ಯಾನಲೇ," ಎಂದ. ಗದ್ದೆಪ್ಪನ ನಗೆ ಹಗ್ಗದೊಳಗೇ ಸಿಕ್ಕಿಬಿತ್ತು.

ಬಜಾರಿನ ಬಾವಿ ಬಂತು. ದೂರದಲ್ಲಿ ಕರೆಮ್ಮ ಬರಿಗೊಡ ಹಿಡಿದು ನಿಂತಿದ್ದಳು. ಕೇರಿಯವರು ಬಾವಿ ಮುಟ್ಟುವಂತಿಲ್ಲ. ಯಾರಾದರೂ ಸೇದಿ ಮೇಲಿಂದ ಹುಯ್ಯಬೇಕು. ಇಂದು ಹುಯ್ಯುವವರೆಲ್ಲ ಮೆರವಣಿಗೆಯಲ್ಲಿದ್ದರು. ಬೆಳಗಿನಿಂದ ನಿಂತಿದ್ದಾಳೆಂದು ಅವಳ ಊದಿದ ಕಾಲುಗಳೇ ಹೇಳುತ್ತಿದ್ದವು. ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ದನಗಳಿಗೆಂದು ತುಂಬಿಸಿದ ನೀರು ತುಳುಕುತ್ತಿತ್ತು. ಅದನ್ನೂ ಇವರು ಮುಟ್ಟುವಂತಿಲ್ಲ. ಎತ್ತು ಮುಟ್ಟಬಹುದು.

ಗದ್ದೆಪ್ಪ ನೊಗವನ್ನು ಆ ಕಡೆ ತಿರುಗಿಸಿದ. ಯಮನೂರಪ್ಪ ಅವನ ಮುಖ ನೋಡಿ ತಾನೂ ತಿರುಗಿದ. ಇಬ್ಬರೂ ಬಗ್ಗಿ ದೋಣಿಗೆ ಬಾಯಿ ಹಚ್ಚಿದರು. ಬಂಡಿ ಮುಂದಕ್ಕೆ ವಾಲಿತು, ಸಾಹುಕಾರರು ಮುಗ್ಗರಿಸಿ ಗೂಟ ಹಿಡಿದುಕೊಂಡರು.

"ಕರೆಮ್ಮಾ, ಬಾ, ಕೊಡಾ ಮುಳುಗಸು. ಇವತ್ತ ನಾ ಎತ್ತದೀನಿ. ಎತ್ತಿನ ಹೇಂತಿಗೆ ಯಾವ ಮೈಲಿಗಿ?"

ಬಾಜಾ ನಿಂತಿತು. ಕರೆಮ್ಮ ಬಂದಳು.

"ಹೊಡಿಲೇ ಜಂಗ್ಲಿ, ಸೂಳೇಮಕ್ಕಳ ಚರ್ಮ ಸುಲಿ," ಎಂದು ಸಾಹುಕಾರರು ಒದರಿದರು.

ಜಂಗ್ಲಿಸಾಬ್ ಬಾರುಕೋಲನ್ನು ನೆಲಕ್ಕೆ ಊರಿದ. "ನೀರ ಕುಡ್ಯಾಕತ್ತಾಗ ಎತ್ತಿಗೆ ಹೊಡ್ಯಾಂಗಿಲ್ರೀ ಸಾವ್ಕಾರ್ರ. ನಾ ಎಂದೂ ಹೊಡದಿಲ್ಲ."

ಗುಮಾಸ್ತ ಬಾರುಕೋಲನ್ನು ಕಸಿದುಕೊಂಡ. ಗದ್ದೆಪ್ಪನ ಬೆನ್ನಿಗೆ ಒಂದು ಏಟು ಬಿತ್ತು, ಮತ್ತೊಂದು ಬಿತ್ತು. ಹಗ್ಗ ಬಿಗಿದ ಕೊರಳನ್ನು ಅವನು ದೋಣಿಯಿಂದ ಈಚೆ ತೆಗೆಯಲಿಲ್ಲ. ತೆಗೆದರೆ ಬಂಡಿ ಹೊರಡುತ್ತದೆ, ಕರೆಮ್ಮನನ್ನು ದೋಣಿಯಿಂದ ಅಟ್ಟುತ್ತಾರೆ. ಅವನ ಕಿವಿಯ ಪಕ್ಕದಲ್ಲೇ ಕೊಡ ಗುಳುಗುಳು ಎನ್ನುತ್ತಿತ್ತು. ಇನ್ನೂ ಅರ್ಧವೂ ತುಂಬಿರಲಿಲ್ಲ.